ತಟ್ಟೆಯ ಮುಳ್ಳು, ಬೆಳಕಿನ ಮುಳ್ಳು

ಸಂಗೀತದ ರುಚಿಯುಳ್ಳ ನಾಲ್ಕು ಮಂದಿ ಒಂದೆಡೆ ಕಲೆತರೆ ಈಗಲೂ ಒಂದು ವ್ಯಾಜ್ಯ ಏಳುವುದುಂಟು: ಕಪ್ಪು ತಟ್ಟೆಯ ನಾದ ಮೇಲೋ, ಬೆಳ್ಳಗೆ ಹೊಳೆಯುವ ಸಿ.ಡಿ.ಯ ನಾದ ಮೇಲೋ ಎಂದು. “ತಟ್ಟೆಯಲ್ಲಿ ಜೀವವಿದೆ, ಸಿ.ಡಿ.ಯಲ್ಲಿರುವುದು ಬರಿಯ ಲೆಕ್ಕ” ಎಂದು ಒಬ್ಬರು ಹೇಳಿದರೆ, “ನಿಮ್ಮ ತಟ್ಟೆಯಲ್ಲಿ ಜೀವಕ್ಕಿಂತ ಒಗ್ಗರಣೆಯ ಚಟಪಟವೇ ಹೆಚ್ಚು” ಎಂದು ಇನ್ನೊಬ್ಬರು ಉತ್ತರ ಕೊಡುತ್ತಾರೆ. ಎರಡನ್ನೂ ಮುಟ್ಟದೆ ಎಲ್ಲವನ್ನೂ ಫೋನಿನಲ್ಲೇ ಕೇಳುವ ಮನೆಯ ಹುಡುಗ ಇಬ್ಬರನ್ನೂ ನೋಡಿ ನಗುತ್ತಾನೆ. ಅವನು ನಗುವಷ್ಟು ಹಳೆಯ ಮಾತೂ ಇದಲ್ಲ. 2022ರಲ್ಲಿ ಅಮೆರಿಕ ದೇಶದಲ್ಲಿ ಮಾರಾಟವಾದ ವಿನೈಲ್ ತಟ್ಟೆಗಳ ಸಂಖ್ಯೆ ಸಿ.ಡಿ.ಗಳ ಸಂಖ್ಯೆಯನ್ನು ಮೀರಿತು. 1987ರಿಂದೀಚೆಗೆ ಹಾಗೆ ಆದದ್ದು ಅದೇ ಮೊದಲು.

ಈ ವ್ಯಾಜ್ಯ ಬರಿಯ ಹರಟೆಯಾಗಿದ್ದರೆ ನಾನು ನಿಮ್ಮ ಹೊತ್ತನ್ನು ತೆಗೆದುಕೊಳ್ಳುತ್ತಿರಲಿಲ್ಲ. ನಿಮ್ಮಲ್ಲಿ ಕೆಲವರ ಮನೆಯ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಇದ್ದೀತು. ಅದರಲ್ಲಿ ತಾತನವರು ಕೊಂಡ ಪ್ಲೇಟುಗಳು: ಒಂದಷ್ಟು ನಾಟಕದ ಹಾಡು, ಒಂದಷ್ಟು ಕೀರ್ತನೆ, ಪಿಟೀಲು. ಸುಣ್ಣ ಬಳಿಸುವಾಗ ಅವು ಕೆಳಗೆ ಇಳಿಯುತ್ತವೆ, “ಇದೆಲ್ಲ ಈಗ ಸಿ.ಡಿ.ಯಲ್ಲಿ ಬಂದಿದೆಯಂತೆ, ಇದನ್ನು ಇಟ್ಟುಕೊಂಡು ಏನು ಮಾಡುವುದು?” ಎಂಬ ಮಾತು ಬರುತ್ತದೆ, ಸಂಜೆಯ ಹೊತ್ತಿಗೆ ಗುಜರಿಯವನ ಗಾಡಿಯೂ ಬರುತ್ತದೆ. ಆದ್ದರಿಂದ ಎರಡರ ನಾದದಲ್ಲಿ ನಿಜವಾಗಿ ಏನು ವ್ಯತ್ಯಾಸ, ಆ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಂಡಿರುವುದು ಒಳ್ಳೆಯದು.

ಮೊದಲು ತಟ್ಟೆಯ ಕಡೆಗೆ ಬರೋಣ. 1877ರಲ್ಲಿ ಎಡಿಸನ್ ಮಾಡಿದ ಯಂತ್ರದಲ್ಲಿ ಧ್ವನಿಯ ಗೆರೆ ಕೊಳವೆಯ ಮೇಲೆ ಬೀಳುತ್ತಿತ್ತು. ಅದನ್ನು ಚಪ್ಪಟೆಯಾದ ತಟ್ಟೆಯ ಮೇಲೆ ಸುರುಳಿಯಾಗಿ ಬರೆಯುವ ಉಪಾಯವನ್ನು ಎಮಿಲ್ ಬರ್ಲಿನರ್ 1887ರಲ್ಲಿ ಕಂಡುಕೊಂಡನು. ಹಳೆಯ 78ರ ಪ್ಲೇಟುಗಳನ್ನು ಮಾಡುತ್ತಿದ್ದದ್ದು ಅರಗಿನಿಂದ. ನಮ್ಮ ದೇಶದ ಕಾಡುಗಳ ಮರಗಳಲ್ಲಿ ಹುಳುಗಳು ಕಟ್ಟುವ ಆ ಅರಗೇ ಜಗತ್ತಿನ ಮುಕ್ಕಾಲು ಸಂಗೀತವನ್ನು ಹೊತ್ತಿತು ಎಂದರೆ ತಪ್ಪಾಗದು. ಅದಕ್ಕೆ ಕಲ್ಲಿನ ನುಣುಪು ಪುಡಿಯನ್ನು ಬೆರೆಸುತ್ತಿದ್ದರು. ಉಕ್ಕಿನ ಮುಳ್ಳು ಗೀರಿನ ಮೇಲೆ ಓಡುತ್ತಿದ್ದಂತೆ ಆ ಪುಡಿ ಅದನ್ನು ಸಾಣೆ ಹಿಡಿದು ಗೀರಿನ ಆಕಾರಕ್ಕೆ ಹೊಂದಿಸಬೇಕೆಂಬುದು ಅದರ ಉದ್ದೇಶ. ಹಳೆಯ ಪ್ಲೇಟಿನ ‘ಸರ್’ ಎಂಬ ಸದ್ದು ಬರುವುದು ಆ ಪುಡಿಯಿಂದಲೇ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿ, ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ್ದು ಇಂಥ ತಟ್ಟೆಯ ಮೇಲೆ. ಆಕೆಯ ಕೊನೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲಿ. 1930ರಲ್ಲಿ ತೀರಿಕೊಂಡದ್ದೂ ಅಲ್ಲಿಯೇ.

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿ ವಿನೈಲ್ ಎಂಬ ಹೊಸ ವಸ್ತುವಿನ ತಟ್ಟೆಯನ್ನು ಹೊರತಂದಿತು. ಅದು ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ಸುತ್ತುತ್ತದೆ. ಒಂದು ಮುಖದಲ್ಲಿ ಇಪ್ಪತ್ತು ನಿಮಿಷಕ್ಕೂ ಮಿಕ್ಕು ಸಂಗೀತ ಹಿಡಿಸುತ್ತದೆ. ಮೂರು ನಿಮಿಷದಲ್ಲಿ ರಾಗದ ಮುಖ ತೋರಿಸಿ ಓಡಬೇಕಾಗಿದ್ದ ನಮ್ಮ ಗಾಯಕರಿಗೆ ಉಸಿರು ತೆಗೆದುಕೊಳ್ಳಲು ಎಡೆ ದೊರೆತದ್ದು ಆಗ. ಅರಗಿನ ಪುಡಿ ಇಲ್ಲದ್ದರಿಂದ ಸರ್‌ಗುಟ್ಟುವಿಕೆಯೂ ಬಹಳಮಟ್ಟಿಗೆ ಅಡಗಿತು.

ಆದರೆ ತಟ್ಟೆಗೆ ಹುಟ್ಟಿನಿಂದಲೇ ಬಂದ ಒಂದು ತೊಡಕು ಇದೆ. ಅದು ಎಷ್ಟು ಸರಳವೆಂದರೆ, ಒಂದು ಅಳತೆಪಟ್ಟಿ ಇದ್ದರೆ ನೀವೇ ಮನೆಯಲ್ಲಿ ಲೆಕ್ಕ ಹಾಕಬಹುದು. ಹನ್ನೆರಡು ಅಂಗುಲದ ತಟ್ಟೆಯ ಹೊರ ಅಂಚಿನ ಸುತ್ತಳತೆ ಸುಮಾರು 92 ಸೆಂಟಿಮೀಟರು. ಒಳಗೆ, ಹೆಸರಿನ ಚೀಟಿಯ ಹತ್ತಿರ, ಸುಮಾರು 38. ಎರಡನ್ನೂ ತಟ್ಟೆ ಒಂದೇ ಸಮಯದಲ್ಲಿ, ಎಂದರೆ ಒಂದೂ ಮುಕ್ಕಾಲು ಸೆಕೆಂಡಿಗೆ ಸ್ವಲ್ಪ ಮಿಗಿಲಾದ ಹೊತ್ತಿನಲ್ಲಿ, ಸುತ್ತಿ ಮುಗಿಸಬೇಕು. ಹೊರಗಡೆ ಮುಳ್ಳಿನ ಕೆಳಗೆ ಸೆಕೆಂಡಿಗೆ 51 ಸೆಂಟಿಮೀಟರು ಗೀರು ಹರಿದುಹೋದರೆ, ಒಳಗಡೆ ಬರಿಯ 21. ಒಂದು ಸೆಕೆಂಡಿನ ಸಂಗೀತವನ್ನು ಹೊರಗೆ ಉದ್ದವಾಗಿ, ಬಿಡಿಸಿ ಬರೆಯಬಹುದು. ಒಳಗೆ, ಪೋಸ್ಟ್ ಕಾರ್ಡಿನ ಕೊನೆಯಲ್ಲಿ ಜಾಗ ಸಾಲದೆ ಅಕ್ಷರಗಳನ್ನು ಒತ್ತರಿಸಿ ಬರೆಯುತ್ತೇವಲ್ಲ, ಹಾಗೆ ಬರೆಯಬೇಕು. ಆ ಸಣ್ಣ ಅಕ್ಷರಗಳನ್ನು ಮುಳ್ಳು ಸರಿಯಾಗಿ ಓದಲಾರದು. ತಾರಸ್ಥಾಯಿಯ ಸ್ವರಗಳು, ಸಕಾರ ಷಕಾರಗಳು ಅಲ್ಲಿ ಒರಟಾಗುತ್ತವೆ. ಪಾಶ್ಚಾತ್ಯರ ಹಾಡುಗಳಲ್ಲಾದರೆ ಕೊನೆಗೊಂದು ಮೆಲುಹಾಡನ್ನು ಹಾಕಿ ಇದನ್ನು ತಪ್ಪಿಸಿಕೊಳ್ಳಬಹುದು. ನಮ್ಮ ಸಂಗೀತಕ್ಕೆ ಆ ಸೌಲಭ್ಯವಿಲ್ಲ. ಹಿಂದೂಸ್ತಾನಿ ಗಾಯಕರ ಒಂದು ಪೂರ್ಣ ಮುಖದ ರಾಗವನ್ನು ತೆಗೆದುಕೊಳ್ಳಿ: ವಿಲಂಬಿತದಲ್ಲಿ ತೊಡಗಿ, ಬೆಳೆದು, ದ್ರುತದ ತಾನಗಳಲ್ಲಿ ಮುಗಿಯುತ್ತದೆ. ನಿಧಾನವಾದ ಆಲಾಪಕ್ಕೆ ಧಾರಾಳವಾದ ಜಾಗ; ಮಿಂಚಿನಂತಹ ತಾನಗಳಿಗೆ ಇಕ್ಕಟ್ಟಿನ ಓಣಿ! ರಾಗ ಬೆಳೆಯುವ ದಿಕ್ಕೊಂದು, ತಟ್ಟೆಯ ಗುಣ ಇಳಿಯುವ ದಿಕ್ಕು ಇನ್ನೊಂದು.

ಇನ್ನೊಂದು ಸಂಗತಿ. ಮಂದ್ರದ ಸ್ವರಗಳನ್ನು ಇದ್ದಷ್ಟೇ ಬಲದಿಂದ ಕೊರೆದರೆ ಗೀರು ಅತ್ತಿತ್ತ ಓಲಾಡಿ ಪಕ್ಕದ ಗೀರಿಗೆ ಹಾಯುತ್ತದೆ. ಆದ್ದರಿಂದ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸುತ್ತಾರೆ. ನುಡಿಸುವ ಯಂತ್ರ ಅದನ್ನು ತಿರುಗುಮುರುಗು ಮಾಡಿ ಸರಿಪಡಿಸುತ್ತದೆ. ಈ ಏರಿಳಿತದ ಅಳತೆಯನ್ನು ಅಮೆರಿಕದ ಕಂಪೆನಿಗಳು ಒಮ್ಮತಕ್ಕೆ ತಂದದ್ದು 1954ರಲ್ಲಿ. ಅದಕ್ಕೆ ಹಿಂದೆ ಒಬ್ಬೊಬ್ಬರದು ಒಂದೊಂದು ಅಳತೆ. ಹಳೆಯ ತಟ್ಟೆಯೊಂದು ನಿಮ್ಮ ಹೊಸ ಯಂತ್ರದಲ್ಲಿ ಮೂಗಿನಿಂದ ಹಾಡಿದಂತೆ ಕೇಳಿದರೆ ಗಾಯಕರನ್ನು ದೂರಬೇಡಿ.

ತಟ್ಟೆಯ ಗುಣವನ್ನು ಅಳೆಯಲು ನಮ್ಮ ಕೈಯಲ್ಲಿರುವ ಅತ್ಯುತ್ತಮ ಸಾಧನ ತಂಬೂರಿ. ಹಾಡುವವರ ಕಂಠವನ್ನು ಸ್ವಲ್ಪ ಮರೆತು ಹಿಂದಿನ ತಂಬೂರಿಯನ್ನೇ ಗಮನವಿಟ್ಟು ಕೇಳಿ. ತಟ್ಟೆಯ ನಡುವಿನ ತೂತು ಅರ್ಧ ಮಿಲಿಮೀಟರಿನಷ್ಟು ಪಕ್ಕಕ್ಕೆ ಬಿದ್ದಿದ್ದರೂ ಸಾಕು, ಒಳಗಿನ ಗೀರುಗಳಲ್ಲಿ ಶ್ರುತಿ ಪ್ರತಿಯೊಂದು ಸುತ್ತಿಗೂ ಅರ್ಧಸ್ವರದ ಏಳನೆಯ ಒಂದು ಪಾಲಿನಷ್ಟು ಮೇಲಕ್ಕೂ ಕೆಳಕ್ಕೂ ತೂಗಾಡುತ್ತದೆ. ಗಮಕ ಹಾಕಿ ಹಾಡುವ ಕಂಠದಲ್ಲಿ ಇದು ಮುಚ್ಚಿಹೋಗಬಹುದು. ಒಂದೇ ನೆಲೆಯಲ್ಲಿ ನಿಲ್ಲಬೇಕಾದ ತಂಬೂರಿಯಲ್ಲಿ ಮುಚ್ಚಿಡುವುದು ಸಾಧ್ಯವಿಲ್ಲ. ಪಿಯಾನೋ ಕೇಳುವ ಯೂರೋಪಿನವರೂ ಇದೇ ದೂರನ್ನು ಹೇಳುತ್ತಾರೆ. ಸಿ.ಡಿ.ಯಲ್ಲಿ ಈ ತೂಗಾಟ ಇಲ್ಲವೇ ಇಲ್ಲ. ಅಲ್ಲಿ ತಟ್ಟೆ ಎಷ್ಟೇ ಓಲಾಡಿದರೂ ಓದಿದ ಅಂಕಿಗಳು ಮೊದಲು ಒಂದು ಉಗ್ರಾಣಕ್ಕೆ ಹೋಗಿ, ಸ್ಫಟಿಕದ ಗಡಿಯಾರದ ಲೆಕ್ಕಕ್ಕೆ ಸರಿಯಾಗಿ ಹೊರಬರುತ್ತವೆ. ಶ್ರುತಿಶುದ್ಧಿಯೇ ಮುಖ್ಯವೆನ್ನುವವರಿಗೆ ಈ ಒಂದು ಕಾರಣವೇ ಸಾಕು.

ಸಿ.ಡಿ.ಯಾದರೂ ಏನು? ಹಾಲೆಂಡಿನ ಫಿಲಿಪ್ಸ್, ಜಪಾನಿನ ಸೋನಿ ಎರಡೂ ಸೇರಿ ರೂಪಿಸಿದ ಇದು 1982ರ ಅಕ್ಟೋಬರಿನಲ್ಲಿ ಜಪಾನಿನ ಅಂಗಡಿಗಳಿಗೆ ಬಂದಿತು. ಅಡ್ಡಳತೆ 12 ಸೆಂಟಿಮೀಟರು. ಇದರ ಮೇಲೂ ಸುರುಳಿಯ ಗೆರೆಯೇ ಇದೆ, ಆದರೆ ಒಳಗಿನಿಂದ ಹೊರಕ್ಕೆ. ವಿನೈಲ್ ತಟ್ಟೆಯ ಒಂದು ಮುಖದ ಗೀರನ್ನು ಬಿಡಿಸಿ ಎಳೆದರೆ ಹೆಚ್ಚುಕಡಮೆ ಅರ್ಧ ಕಿಲೋಮೀಟರು ಆದರೆ, ಸಿ.ಡಿ.ಯ ಗೆರೆ ಐದು ಕಿಲೋಮೀಟರಿಗೂ ಹೆಚ್ಚು. ಗೆರೆಯುದ್ದಕ್ಕೂ ಕಣ್ಣಿಗೆ ಕಾಣದ ಕುಳಿಗಳು. ಅವುಗಳನ್ನು ಓದುವ ಮುಳ್ಳು ಲೇಸರ್ ಬೆಳಕಿನದು. ಬೆಳಕಿನ ಮುಳ್ಳು ಸವೆಸುವುದಿಲ್ಲ, ತಾನೂ ಸವೆಯುವುದಿಲ್ಲ. ಒಳ ಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 500 ಬಾರಿ, ಹೊರಗೆ ಹೋದಂತೆ ನಿಧಾನಿಸಿ ಸುಮಾರು 200 ಬಾರಿ ತಟ್ಟೆ ತಿರುಗುತ್ತದೆ; ಹೀಗಾಗಿ ಎಲ್ಲ ಕಡೆಯಲ್ಲೂ ಗೆರೆ ಒಂದೇ ವೇಗದಲ್ಲಿ ಹರಿಯುತ್ತದೆ. ಇಕ್ಕಟ್ಟಿನ ಓಣಿಯ ತೊಂದರೆ ಇಲ್ಲಿಲ್ಲ.

ಆ ಕುಳಿಗಳಲ್ಲಿ ಇರುವುದು ಅಂಕಿಗಳು. ಸೆಕೆಂಡಿಗೆ 44,100 ಬಾರಿ ಧ್ವನಿಯ ಬಲವನ್ನು ಅಳೆದು, ಪ್ರತಿ ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದೆಂದು ಬರೆದಿಟ್ಟಿರುತ್ತಾರೆ. ಇಲ್ಲಿಯೇ ತಟ್ಟೆಯ ಅಭಿಮಾನಿಗಳ ಮುಖ್ಯ ಆಕ್ಷೇಪಣೆ: “ಧ್ವನಿ ಅಖಂಡವಾದದ್ದು. ಅದನ್ನು ಚೂರುಚೂರಾಗಿ ಕತ್ತರಿಸಿದ ಮೇಲೆ ನಡುವಿನದು ಹೋಗಲಿಲ್ಲವೆ?” ಕೇಳಿದರೆ ನ್ಯಾಯವೆಂದೇ ತೋರುತ್ತದೆ. ಇದಕ್ಕೆ ಉತ್ತರ ನಿಮ್ಮ ಮನೆಯ ಅಂಗಳದಲ್ಲೇ ಇದೆ. ಬೆಳಗ್ಗೆ ಹೆಂಗಸರು ಚುಕ್ಕಿಯಿಟ್ಟು ರಂಗೋಲಿ ಹಾಕುವುದನ್ನು ನೋಡಿದ್ದೀರಷ್ಟೆ. ಇಡುವುದು ಬರಿಯ ಚುಕ್ಕಿ. ಆದರೆ ಎಳೆ ಹೇಗೆ ಬಳಸಬೇಕು ಎಂಬ ಕಟ್ಟಳೆ ಗೊತ್ತಿದ್ದವರಿಗೆ ಆ ಚುಕ್ಕಿಗಳಿಂದ ಬಳ್ಳಿ ತಾನಾಗಿ ಹೊಮ್ಮುತ್ತದೆ. ಧ್ವನಿಯಲ್ಲಿಯೂ ಒಂದು ಕಟ್ಟಳೆ ಇದೆ. ಎಳೆಯ ಕಿವಿಗೆ ಕೇಳುವ ಅತಿ ಸೂಕ್ಷ್ಮ ಕಂಪನ ಸೆಕೆಂಡಿಗೆ ಸುಮಾರು 20,000. ಅದಕ್ಕಿಂತ ಬೇಗ ಎಳೆ ತಿರುಗಕೂಡದು ಎಂದು ಮೊದಲೇ ಸೋಸಿಬಿಟ್ಟರೆ, ಅದರ ಎರಡರಷ್ಟಕ್ಕಿಂತ ಹೆಚ್ಚು ಚುಕ್ಕಿಗಳ ಮೂಲಕ ಹಾಯಬಲ್ಲ ಎಳೆ ಒಂದೇ ಒಂದು. ಎರಡನೆಯದು ಇರಲಾರದು. ಇದು ಗಣಿತದಲ್ಲಿ ಸಿದ್ಧವಾದ ಮಾತು. ಹೀಗೆ ಹೊರಗೆ ಬರುವ ಧ್ವನಿ ಮೆಟ್ಟಿಲಾಗಿರದೆ ನುಣುಪಾದ ಎಳೆಯೇ ಆಗಿರುತ್ತದೆ. (ನಲವತ್ತು ದಾಟಿದ ನಮ್ಮಂಥವರಿಗೆ 20,000ದ ಮಾತೇ ಬೇಡ, 15,000 ಕೇಳಿದರೆ ಪುಣ್ಯ. ಎಫ್.ಎಂ. ಬಾನುಲಿಯೂ ಅಷ್ಟಕ್ಕೇ ನಿಲ್ಲಿಸುತ್ತದೆ. ಮಧ್ಯಮ ತರಂಗದಲ್ಲಿ ಇನ್ನೂ ಎಷ್ಟೋ ಕಡಮೆ.)

ಮೆಟ್ಟಿಲುಗಳ ಸಂಖ್ಯೆ ತೀರ್ಮಾನಿಸುವುದು ಸದ್ದಿಗೂ ನಿಶ್ಶಬ್ದಕ್ಕೂ ನಡುವಣ ಅಂತರವನ್ನು. ಒಳ್ಳೆಯ ವಿನೈಲ್ ತಟ್ಟೆಯಲ್ಲಿ ಅತಿ ಜೋರಾದದ್ದು ತಟ್ಟೆಯ ಸ್ವಂತ ಗುರುಗುಟ್ಟುವಿಕೆಗಿಂತ ಒಂದು ಸಾವಿರದಿಂದ ಮೂರು ಸಾವಿರದಷ್ಟು ದೊಡ್ಡದಾಗಿರಬಹುದು. ಸಿ.ಡಿ.ಯಲ್ಲಿ ಅದು ಅರವತ್ತೈದು ಸಾವಿರ. ವೀಣೆಯ ಒಂದು ಮೀಟು ಹೊಮ್ಮಿ, ಕ್ಷೀಣಿಸಿ, ಮೌನದಲ್ಲಿ ಕರಗುವವರೆಗೂ ಅದನ್ನು ಹಿಂಬಾಲಿಸಬೇಕೆಂದರೆ ಸಿ.ಡಿ.ಯಲ್ಲಿ ಹೆಚ್ಚು ದೂರ ಹೋಗಬಹುದು. ತಟ್ಟೆಯಲ್ಲಿ ಮೀಟಿನ ಬಾಲವನ್ನು ಸರ್‌ಗುಟ್ಟುವಿಕೆ ಬೇಗನೆ ನುಂಗುತ್ತದೆ.

ಅಮೆರಿಕದಲ್ಲಿ ಮೇಯರ್ ಮತ್ತು ಮೋರನ್ ಎಂಬ ಇಬ್ಬರು ಒಂದು ಪರೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದರು. ಸಿ.ಡಿ.ಗಿಂತಲೂ ಸೂಕ್ಷ್ಮವಾಗಿ ಮುದ್ರಿಸಿದ ಸಂಗೀತವನ್ನು ಒಮ್ಮೆ ಇದ್ದಹಾಗೆಯೂ ಒಮ್ಮೆ ಸಿ.ಡಿ.ಯ ಅಳತೆಗೆ ಇಳಿಸಿಯೂ ಕೇಳಿಸಿ, ಯಾವುದು ಯಾವುದೆಂದು ಹೇಳದೆ ಗುರುತಿಸಲು ಕೇಳಿದರು. ಐನೂರಕ್ಕೂ ಹೆಚ್ಚು ಸಲ ಕೇಳಿದ್ದರಲ್ಲಿ ಸರಿಯುತ್ತರ ಬಂದದ್ದು ಅರ್ಧದಷ್ಟು. ಕಣ್ಣು ಮುಚ್ಚಿ ಕಾಸು ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಧ್ವನಿಯನ್ನು ವಿಪರೀತ ಏರಿಸಿ, ಸದ್ದಿಲ್ಲದ ಎಡೆಗಳನ್ನು ಕೇಳಿದಾಗ ಮಾತ್ರ ಭೇದ ತಿಳಿಯಿತಂತೆ.

ಹಾಗಾದರೆ ವಾದ ಮುಗಿಯಿತು, ಸಿ.ಡಿ.ಯೇ ಗೆದ್ದಿತು ಎನ್ನುವಿರಾ? ಯಂತ್ರದ ಮಟ್ಟಿಗೆ ಗೆದ್ದಿತು; ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಯಂತ್ರದ ಹಿಂದೆ ಮನುಷ್ಯರಿದ್ದಾರೆ. ಮೊದಮೊದಲ ಸಿ.ಡಿ.ಗಳಲ್ಲಿ ಎಷ್ಟೋ ನಿಜವಾಗಿಯೇ ಕರ್ಕಶವಾಗಿದ್ದವು; ತಟ್ಟೆಗೆಂದು ತಾರವನ್ನು ತಿದ್ದಿಟ್ಟಿದ್ದ ಟೇಪನ್ನೇ ತಂದು ಸಿ.ಡಿ.ಗೂ ಇಳಿಸಿದರೆ ಇನ್ನೇನಾದೀತು? ಆಮೇಲೆ 1990ರ ದಶಕದಿಂದ ಇನ್ನೊಂದು ರೋಗ ಹಿಡಿಯಿತು. ಜಾತ್ರೆಯಲ್ಲಿ ಪಕ್ಕದ ಅಂಗಡಿಯವನು ಧ್ವನಿವರ್ಧಕ ಏರಿಸಿದನೆಂದು ಇವನೂ ಏರಿಸುವಂತೆ, ತಮ್ಮ ಹಾಡೇ ಜೋರಾಗಿ ಕೇಳಬೇಕೆಂದು ಮೆಲುಸದ್ದುಗಳನ್ನೆಲ್ಲ ಎತ್ತಿ, ಜೋರುಸದ್ದುಗಳ ತಲೆ ಸವರಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದು ನಿಲ್ಲಿಸತೊಡಗಿದರು. 2008ರಲ್ಲಿ ಮೆಟಾಲಿಕಾ ಎಂಬ ಅಮೆರಿಕದ ತಂಡದ ‘ಡೆತ್ ಮ್ಯಾಗ್ನೆಟಿಕ್’ ಎಂಬ ಸಿ.ಡಿ. ಬಂದಾಗ, ಅದರ ಸದ್ದು ಒಡೆದುಹೋಗಿದೆ, ಮತ್ತೆ ಸರಿಯಾಗಿ ಮಾಡಿಕೊಡಿ ಎಂದು ಕೇಳುಗರೇ ಸಹಿ ಹಾಕಿ ಮನವಿ ಕಳಿಸಬೇಕಾಯಿತು. ಅರವತ್ತೈದು ಸಾವಿರ ಮೆಟ್ಟಿಲುಗಳ ಮಹಡಿ ಕಟ್ಟಿಸಿ, ಸಂಸಾರವೆಲ್ಲ ಮೇಲಿನ ನಾಲ್ಕು ಮೆಟ್ಟಿಲ ಮೇಲೆಯೇ ಕುಳಿತಂತಾಯಿತು! ವಿನೈಲ್ ತಟ್ಟೆಗೆ ಅಷ್ಟು ಜೋರನ್ನು ಕೊರೆಯಲು ಜಾಗವಿಲ್ಲ. ಆದ್ದರಿಂದ ಅದಕ್ಕೆಂದು ಬೇರೆಯಾಗಿ, ಸ್ವಲ್ಪ ಹಿತಮಿತವಾಗಿ ತಯಾರಿಸುವುದುಂಟು. ಒಂದೇ ಹಾಡು ತಟ್ಟೆಯಲ್ಲಿ ಚೆನ್ನಾಗಿಯೂ ಸಿ.ಡಿ.ಯಲ್ಲಿ ಕೆಟ್ಟದಾಗಿಯೂ ಇದ್ದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ ಎಂದು ನನ್ನ ಎಣಿಕೆ.

ಇನ್ನು ತಟ್ಟೆಯ ‘ಬೆಚ್ಚಗಿನ’ ನಾದ. ಅದು ಸುಳ್ಳಲ್ಲ. ಮುಳ್ಳು ಗೀರಿನಲ್ಲಿ ಉಜ್ಜಿ ಓಡುವಾಗ ಮೂಲದಲ್ಲಿಲ್ಲದ ಕೆಲವು ಮೇಲುಸ್ವರಗಳನ್ನು ತಾನೇ ಸೇರಿಸುತ್ತದೆ. ತಾರವನ್ನು ಸ್ವಲ್ಪ ಮೊಂಡು ಮಾಡುತ್ತದೆ. ಕೆಲವರ ಕಿವಿಗೆ ಅದು ಹಿತ. ಮಡಕೆಯ ನೀರಿಗೆ ಮಣ್ಣಿನ ವಾಸನೆ ಇರುತ್ತದೆ. ಅದೇ ರುಚಿ ಎನ್ನುವವರೊಡನೆ ಜಗಳವೇಕೆ? ನೀರಿನಲ್ಲೇ ಆ ವಾಸನೆ ಇತ್ತು ಎಂದರೆ ಮಾತ್ರ ಒಪ್ಪುವುದು ಕಷ್ಟ. 2022ರಲ್ಲಿ ಇದಕ್ಕೊಂದು ಸ್ವಾರಸ್ಯವಾದ ಸಾಕ್ಷಿ ಸಿಕ್ಕಿತು. ಅಮೆರಿಕದ ಮೊಬೈಲ್ ಫಿಡೆಲಿಟಿ ಸಂಸ್ಥೆಯ ದುಬಾರಿ ತಟ್ಟೆಗಳನ್ನು, ಅಂಕಿಯ ಸೋಂಕಿಲ್ಲದೆ ಟೇಪಿನಿಂದ ನೇರವಾಗಿ ಕೊರೆದವೆಂದು ರಸಿಕರು ಕೊಂಡಾಡುತ್ತಿದ್ದರು. ಕೊರೆಯುವ ಮುನ್ನ ಟೇಪನ್ನು ಡಿಜಿಟಲ್ ರೂಪಕ್ಕೆ ಇಳಿಸಿಕೊಳ್ಳುತ್ತಿದ್ದರೆಂಬುದು ಆ ವರ್ಷ ಹೊರಬಿದ್ದಿತು, ಅದೂ ವರ್ಷಗಳಿಂದ. ಅಷ್ಟು ಕಾಲವೂ ಪಳಗಿದ ಕಿವಿಗಳು ಅದನ್ನು ಗುರುತಿಸಿರಲಿಲ್ಲ.

ಈಗ ಅಟ್ಟದ ಪೆಟ್ಟಿಗೆಗೆ ಬರೋಣ. ನಾನು ಇಷ್ಟು ಹೊತ್ತು ಸಿ.ಡಿ.ಯ ಪಕ್ಷ ವಹಿಸಿದವನು ಇಲ್ಲಿ ಮಾತ್ರ ತಟ್ಟೆಯ ಪರ. ಸಿ.ಡಿ. ತಾನು ಪಡೆದದ್ದನ್ನು ಚಾಚೂ ತಪ್ಪದೆ ಒಪ್ಪಿಸುತ್ತದೆ. ಅದಕ್ಕೆ ಕೊಟ್ಟವರು ಏನು ಕೊಟ್ಟರು ಎಂಬುದೇ ಪ್ರಶ್ನೆ. ಹಳೆಯ 78ರ ತಟ್ಟೆಯಿಂದ ಸಿ.ಡಿ.ಗೆ ಇಳಿಸುವಾಗ ಸರ್ ಎಂಬ ಸದ್ದನ್ನು ತೆಗೆಯಬೇಕೆಂಬ ಹುಮ್ಮಸ್ಸಿನಲ್ಲಿ ತಾರದ ಭಾಗವನ್ನೆಲ್ಲ ಸೋಸಿಬಿಡುವವರಿದ್ದಾರೆ. ಸರ್ ಹೋಗುತ್ತದೆ; ಅದರ ಜೊತೆಗೆ ತಂಬೂರಿಯ ಜೀವಾಳದ ಝೇಂಕಾರ, ಕಮಾನಿನ ಅಂಚು, ಗಾಯಕರ ಉಸಿರು ಎಲ್ಲವೂ ಹೋಗುತ್ತವೆ. ಉಳಿಯುವುದು ಕಂಬಳಿ ಹೊದ್ದು ಹಾಡಿದಂಥ ಧ್ವನಿ.

ವೇಗದ ಮಾತು ಇನ್ನೂ ಮುಖ್ಯ. 78ರ ತಟ್ಟೆ ಎಂಬುದು ಹೆಸರಿಗೆ. ಮೊದಮೊದಲಿನವನ್ನು ಎಪ್ಪತ್ತು ಚಿಲ್ಲರೆಯಿಂದ ಎಂಬತ್ತರಾಚೆಯವರೆಗೆ ಮನಬಂದ ವೇಗದಲ್ಲಿ ಕೊರೆದದ್ದುಂಟು. 74ರಲ್ಲಿ ಕೊರೆದದ್ದನ್ನು 78ರಲ್ಲಿ ನುಡಿಸಿದರೆ ಶ್ರುತಿ ಹೆಚ್ಚುಕಡಮೆ ಅರ್ಧಸ್ವರ ಏರುತ್ತದೆ, ಕಾಲಪ್ರಮಾಣವೂ ಓಡುತ್ತದೆ. ಅದನ್ನೇ ಸಿ.ಡಿ.ಗೆ ಹಾಕಿದರೆ ಮುಂದಿನ ತಲೆಮಾರು ಆ ಗಾಯಕರ ಶಾರೀರವೇ ಹಾಗೆಂದು ನಂಬುತ್ತದೆ. ಗಂಗೂಬಾಯಿ ಹಾನಗಲ್ ಅವರ ವಿಷಯ ನೋಡಿ. 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಿಂದ ಹೊರಬಂದ ಅವರ ತಟ್ಟೆಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಹೆಣ್ಣುಕಂಠ. ಗಂಟಲಿನ ಚಿಕಿತ್ಸೆಯ ಅನಂತರ ಬಂದದ್ದು ನಾವೆಲ್ಲ ಬಲ್ಲ ಆ ಗಂಭೀರವಾದ ಧ್ವನಿ. ಹಳೆಯದನ್ನು ಕೇಳಿ ‘ವೇಗ ತಪ್ಪಿರಬೇಕು’ ಎಂದು ಯಾರಾದರೂ ತಿದ್ದಲು ಹೊರಟರೆ, ಹಾಗಲ್ಲವೆಂದು ಸಾಕ್ಷಿ ಹೇಳಲು ಉಳಿದಿರುವುದು ಆ ಮೂಲ ತಟ್ಟೆಗಳು.

ಒಳ್ಳೆಯ ಕೆಲಸ ಆಗುವುದೇ ಇಲ್ಲವೆಂದಲ್ಲ. ನಮ್ಮ ಮಹಾರಾಜ ಜಯಚಾಮರಾಜ ಒಡೆಯರ್ ಅವರು 1940ರ ದಶಕದ ಕೊನೆಯಲ್ಲಿ, ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಮುದ್ರಿಸಲು ಹಣ ಕೊಟ್ಟರು. 78ರ ತಟ್ಟೆಗಳಲ್ಲಿ ನಾಲ್ಕೈದು ನಿಮಿಷಕ್ಕೊಮ್ಮೆ ತುಂಡಾಗಿದ್ದ ಆ ದೀರ್ಘ ರಚನೆಗಳು ಸಿ.ಡಿ.ಗಳಾಗಿ ಬಂದಾಗ ತಡೆಯಿಲ್ಲದೆ ಹರಿದವು. ತಟ್ಟೆಗಳನ್ನು ಯಾರೋ ಜೋಪಾನ ಮಾಡಿದ್ದರಿಂದಲೇ ಇದು ಸಾಧ್ಯವಾದದ್ದು.

ಸಿ.ಡಿ.ಯಾದರೂ ಚಿರಂಜೀವಿಯಲ್ಲ. ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ 1980ರ ದಶಕದ ಕೊನೆಯ ಸುಮಾರಿಗೆ ತಯಾರಾದ ಎಷ್ಟೋ ಸಿ.ಡಿ.ಗಳು ಕಂಚಿನ ಬಣ್ಣಕ್ಕೆ ತಿರುಗಿ ಮೂಕವಾದವು. ಮನೆಯ ಕಂಪ್ಯೂಟರಿನಲ್ಲಿ ನಾವೇ ಬರೆದುಕೊಂಡ ಸಿ.ಡಿ.ಗಳ ಬಣ್ಣ ಬಿಸಿಲಿಗೂ ಸೆಕೆಗೂ ಇನ್ನೂ ಬೇಗ ಮಾಸುತ್ತದೆ. ಅಂಥದ್ದು ನಿಮ್ಮಲ್ಲಿದ್ದರೆ ಈ ತಿಂಗಳೇ ಅದರ ನಕಲು ತೆಗೆದಿಡಿ.

ಪ್ಲೇಟುಗಳನ್ನು ಮಲಗಿಸಿ ಒಂದರ ಮೇಲೊಂದು ಪೇರಿಸಬೇಡಿ; ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿ, ಮಧ್ಯಾಹ್ನದ ಬಿಸಿಲು ಕಾಯುವ ಗೋಡೆಯಿಂದ ದೂರವಿಡಿ. ಅರಗಿನ ಪ್ಲೇಟಿಗೆ ಇಂದಿನ ವಿನೈಲ್ ಯಂತ್ರದ ಮುಳ್ಳು ಹಾಕಬೇಡಿ: 78ರ ಗೀರಿಗೆ ಬೇಕಾದ ಮುಳ್ಳಿನ ತುದಿ ಅದರ ಮೂರು ನಾಲ್ಕರಷ್ಟು ದಪ್ಪ, ಸಣ್ಣದು ಗೀರಿನ ತಳದ ಕೊಳೆಯಲ್ಲಿ ಹೊರಳಾಡುತ್ತದೆ. ನಕಲು ತೆಗೆಸುವುದಾದರೆ ಮೊದಲ ಪ್ರತಿಯಲ್ಲಿ ಯಾವ ಸೋಸುವಿಕೆಯೂ ಬೇಡವೆಂದು ಹೇಳಿ. ಸರ್ ಇದ್ದರೆ ಇರಲಿ. ಯಾವ ವೇಗದಲ್ಲಿ ನುಡಿಸಿದರೆಂಬುದನ್ನು ಬರೆಸಿಟ್ಟುಕೊಳ್ಳಿ. ಕೊಳೆ ತೆಗೆಯಲು ಮೆತ್ತನೆಯ ಬಟ್ಟೆ, ತುಸು ನೀರು ಸಾಕು; ಚೀಟಿಗೆ ನೀರು ತಾಗದಿರಲಿ. ಸ್ಪಿರಿಟ್ಟನ್ನಂತೂ ಅರಗಿನ ಪ್ಲೇಟಿನ ಹತ್ತಿರ ತರಬೇಡಿ. ಬಡಗಿಗಳು ಮೇಜಿಗೆ ಪಾಲಿಷ್ ಹಾಕಲು ಅರಗನ್ನು ಕರಗಿಸುವುದು ಅದರಲ್ಲಿಯೇ.